ಡ್ರೆಜ್ಜರ್ ಬರುವ ಮುಂಚಿನ ಕಡಲು

ಪಣಂಬೂರು, ಅಕ್ಟೋಬರ್ 14, ಮಂಗಳವಾರ

ನವಮಂಗಳೂರು ಬಂದರು ತಾನಾಗಿ ಆದ ಬಂದರಲ್ಲ, ನೆಲ ಅಗೆದು ಮಾಡಿದ್ದು. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಯಿತು. ಅಗೆದ ಜಾಗಕ್ಕೆ ಮಳೆಗಾಲದ ಕಡಲು ಮತ್ತೆ ಮತ್ತೆ ಹೂಳು ತಂದು ತುಂಬುತ್ತದೆ. ಎತ್ತದಿದ್ದರೆ ದೊಡ್ಡ ಹಡಗಿಗೆ ದಾರಿಯಿಲ್ಲ. ಹೂಳೆತ್ತುವ ಹಡಗೇ ಡ್ರೆಜ್ಜರ್. ಅದು ಬರುವ ಮುಂಚೆ ಇಲ್ಲಿನ ಆಳ, ನೀರು, ತಳದ ಜೀವ ಹೇಗಿವೆ ಎಂದು ದಾಖಲಿಸುವುದು ಇವತ್ತಿನ ಕೆಲಸ.

ಬೆಳಿಗ್ಗೆ ಮೊದಲು ಬಾರ್ ಚೆಕ್, ಅಂದರೆ ಆಳ ಅಳೆಯುವ ಯಂತ್ರ ಸರಿಯಿದೆಯೇ ಎಂಬ ಪರೀಕ್ಷೆ. ಗುರುತು ಹಾಕಿದ ಸರಪಳಿಯಲ್ಲಿ ಕಬ್ಬಿಣದ ತಟ್ಟೆಯನ್ನು, ಶಬ್ದ ಕಳಿಸಿ ಅದರ ಮರುದನಿಯಿಂದ ಆಳ ಅಳೆಯುವ ಎಕೋಸೌಂಡರಿನ ಕೆಳಗೆ ಇಳಿಸಿದೆವು. ಐದು ಮೀಟರಿಗೆ ಐದು, ಹತ್ತಕ್ಕೆ ಹತ್ತು ತೋರಿಸಬೇಕು. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಉಪ್ಪು, ಬಿಸಿ ಹೆಚ್ಚುಕಡಿಮೆಯಾದರೆ ಆ ವೇಗವೂ ಹೆಚ್ಚುಕಡಿಮೆ. ಉಬ್ಬರ ಇಳಿತದ ಲೆಕ್ಕವನ್ನೂ ಕಳೆಯಬೇಕು. ಆಳದಲ್ಲಿ 10 ಸೆಂ.ಮೀ. ತಪ್ಪಿದರೂ ಒಂದು ಚದರ ಕಿ.ಮೀ.ಗೆ ಒಂದು ಲಕ್ಷ ಘನಮೀಟರ್ ಹೂಳು ಏರುಪೇರಾಗುತ್ತದೆ. ಇದರ ಮೇಲೆ ಎಲ್ಲರಿಗೂ ಕಣ್ಣು, ಏಕೆಂದರೆ ಹೂಳೆತ್ತಿದ್ದಕ್ಕೆ ಬಿಲ್ಲು ಆಗುವುದು ಘನಮೀಟರಿನ ಮೇಲೆ.

ತಳ ಯಾವುದು ಎಂಬುದೇ ಇಲ್ಲಿ ಜಗಳದ ವಿಷಯ. 200 ಕಿಲೋಹರ್ಟ್ಸ್ ಶಬ್ದ ಗಂಜಿಯಂಥ ಮೇಲಿನ ಕೆಸರಿಗೇ ತಾಗಿ ವಾಪಸಾಗುತ್ತದೆ. 33 ಕಿಲೋಹರ್ಟ್ಸಿನದು ಅದನ್ನು ದಾಟಿ ಗಟ್ಟಿ ಮಣ್ಣು ಮುಟ್ಟುತ್ತದೆ. ಇವತ್ತು ಪರದೆಯ ಮೇಲೆ ಎರಡೂ ಗೆರೆ ಬೇರೆಬೇರೆಯಾಗಿಯೇ ಕಂಡವು. ಎರಡನ್ನೂ ದಾಖಲಿಸಿದೆ.

ಮಧ್ಯಾಹ್ನ ನೀರಿನ ಮಾದರಿ: ಮೇಲೆ, ನಡುವೆ, ತಳಕ್ಕಿಂತ ಒಂದು ಮೀಟರ್ ಎತ್ತರದಲ್ಲಿ. ಆಮೇಲೆ ತಳದ ಮಣ್ಣು ಕಚ್ಚಿ ತರುವ ಗ್ರ್ಯಾಬ್ ಇಳಿಸಿದೆವು. ಬಾಯಿ ಬಿಡಿಸಿದಾಗ ಮೇಲ್ಪದರ ಕಂದು, ಒಳಗೆ ಕಪ್ಪು, ಗಂಧಕದ ವಾಸನೆ. ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದರೆ ಕೆಂಪು ದಾರದ ಎಳೆಯಷ್ಟೇ ದಪ್ಪದ ಹುಳುಗಳು ಹೊರಳಾಡುತ್ತಿದ್ದವು. ಜೊತೆಗೆ ಉಗುರಿನಗಲದ ಒಂದು ಚಿಪ್ಪು, ಬಿಗಿಯಾಗಿ ಮುಚ್ಚಿಕೊಂಡು, ಜೀವಂತ. ತಳದ ಮೀನಿಗೆ ಇವೇ ಊಟ.

ಬೋಟು ನಡೆಸುವ ತಂಡೇಲರು ಜರಡಿಗೆ ಬಗ್ಗಿ ನೋಡಿದರು. "ಡ್ರೆಜ್ಜರ್ ಬಂದ ಮೇಲೆ ನಮ್ಮ ಬಲೆಗೆ ಕೆಸರೇ ಬರುವುದು ಮಾರಾಯ್ರೆ, ಅದನ್ನೂ ಬರೆದುಕೊಳ್ಳಿ."

ಬರೆದುಕೊಂಡೆ. ಆದರೆ ಮಳೆಗಾಲ ಕಳೆದ ಕರಾವಳಿಯ ನೀರು ಮೊದಲೇ ಕದಡಿರುತ್ತದೆ. ಇವತ್ತಿನ ಅಂಕಿ ಇಲ್ಲದಿದ್ದರೆ ನಾಳೆ ಯಾರು ಬೇಕಾದರೂ "ಇದು ಮಳೆಯ ಕೆಸರು" ಎಂದು ಕೈತೊಳೆದುಕೊಳ್ಳಬಹುದು. ಅದಕ್ಕೇ ಡ್ರೆಜ್ಜರಿನ ಕೆಸರು ತಲುಪದಷ್ಟು ದೂರದಲ್ಲೂ ಮಾದರಿ ತೆಗೆಯುವ ಒಂದು ಠಾಣೆ ಇರಬೇಕೆಂದು ನಾನು ಹಟ ಹಿಡಿಯುವುದು. ಆಳ ಅಳೆಯಲು ಇರುವ ಶ್ರದ್ಧೆ ಈ ಹುಳುಗಳನ್ನು ಎಣಿಸಲು ಇಲ್ಲ ಎಂಬುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಡ್ರೆಜ್ಜರಿನಲ್ಲಿ ಹೂಳು ತುಂಬಿಕೊಳ್ಳುವ ತೊಟ್ಟಿ, ಅಂದರೆ ಹಾಪರ್, ತುಂಬಿ ಕೆಸರು ನೀರು ಉಕ್ಕಿ ಹೊರಗೆ ಹರಿಯುವಾಗ ಒಮ್ಮೆ ಉಬ್ಬರದಲ್ಲಿ, ಒಮ್ಮೆ ಇಳಿತದಲ್ಲಿ ಮಾದರಿ ತೆಗೆಯಬೇಕೆಂದು ಸಂಜೆ ಪತ್ರ ಬರೆದು ಕಳಿಸಿದೆ. ಹೂಳು ಸುರಿಯುವ ಜಾಗದ ನಕ್ಷೆಯ ಪ್ರತಿಯನ್ನು ತಂಡೇಲರಿಗೂ ಕೊಟ್ಟೆ.