ಮೂರು ಮೆಟ್ಟಿಲು, ಆಮೇಲೆ ಧಡಾರ್

ಇವತ್ತು ಮಧ್ಯಾಹ್ನ ಯಾರೋ ಲ್ಯಾಬ್ ಬಾಗಿಲನ್ನು ಧಡಾರ್ ಅಂತ ಹಾಕಿದರು. ಲೇಸರ್ ಬೆಳಕಲ್ಲಿ ಹಿಡಿದಿಟ್ಟಿದ್ದ ಮಣಿ ಕೈತಪ್ಪಿತು.

ಒಂದೇ ಒಂದು ಮೈಕ್ರಾನ್ ಅಗಲದ ಮಣಿ. ಒಂದು ಕೂದಲಿನ ಅಗಲಕ್ಕೆ ಇಂಥವು 50 ಆದರೂ ಸಾಲಾಗಿ ಕೂರುತ್ತವೆ. ಅದಕ್ಕೊಂದು ಕೈನೆಸಿನ್ ಅಂಟಿತ್ತು. ಜೀವಕೋಶದೊಳಗೆ ಸಾಮಾನು ಹೊರುವ ಪ್ರೋಟೀನ್. ಹೆಜ್ಜೆಗೆ 8 ನ್ಯಾನೊಮೀಟರ್. ಎರಡು ಗಂಟೆ ಕಾದ ಮೇಲೆ ಗ್ರಾಫ್‌ನಲ್ಲಿ ಹೆಜ್ಜೆಗೊಂದರಂತೆ ಮೆಟ್ಟಿಲು ಮೂಡಲು ಶುರುವಾಗಿತ್ತು. ಮೂರೇ ಮೆಟ್ಟಿಲು.

ಸಿಟ್ಟು ಬಂತು. ಆಮೇಲೆ ಸುಮ್ನೆ ನೋಡುತ್ತಾ ಕೂತೆ.

ಮಣಿ ದೂರವೇನೂ ಹೋಗಿರಲಿಲ್ಲ. ಪಕ್ಕದಲ್ಲೇ ನೀರಲ್ಲಿ ನಡುಗುತ್ತಾ ಇತ್ತು. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದ ಒಳಗಿನ ಕಣಗಳಲ್ಲಿ ಕಂಡದ್ದು ಇದೇ ನಡುಕ. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗೆ ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು.

ಪಿಎಚ್‌ಡಿ ದಿನಗಳಲ್ಲಿ ನನಗೆ ಈ ನಡುಕ ಬರೀ ಗಲಾಟೆ. ಡೇಟಾದಿಂದ ಗುಡಿಸಿ ಹಾಕಬೇಕಾದ ಕಸ. ಎಷ್ಟು ವರ್ಷ ಗುಡಿಸಿದೆನೋ! ಕೈನೆಸಿನ್ ಮಾತ್ರ ಇದೇ ಗುದ್ದಾಟದಲ್ಲಿ ಕಾಲು ಆಡಿಸಿ ಮುಂದಿನ ಹೆಜ್ಜೆ ಹುಡುಕಿಕೊಳ್ಳುತ್ತದೆ. ಅದಕ್ಕೆ ಶಾಂತವಾದ ಲ್ಯಾಬ್ ಬೇಡ. ಬೇಕಾಗಿರುವುದು ನನಗೆ.

ಅಂದ ಹಾಗೆ, ಲೇಸರ್‌ನಿಂದ ಮಣಿ ಹಿಡಿದಿಡುವ ಈ ಬೆಳಕಿನ ಚಿಮಟ ಕಂಡುಹಿಡಿದ ಆರ್ಥರ್ ಆಷ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಬಂದಾಗ 96 ವರ್ಷ. ನನ್ನ ಪೇಪರ್ ಇನ್ನೊಂದು ತಿಂಗಳು ತಡವಾದರೆ ಏನು ಮಹಾ, ಅಲ್ವಾ?

ಹೊರಡುವಾಗ ಬಾಗಿಲಿಗೆ ಚೀಟಿ ಅಂಟಿಸಿದೆ. ‘ಮೆಲ್ಲಗೆ ಹಾಕಿ. ಒಳಗೆ ಒಬ್ಬರು ನಡೆಯಲು ನೋಡುತ್ತಿದ್ದಾರೆ.’