ಎಷ್ಟು ಗ್ರಾಂ ಜಾಸ್ತಿ ಮಾಡ್ಲಿ?

“ಹಾಗಾದ್ರೆ ಎಷ್ಟು ಗ್ರಾಂ ಜಾಸ್ತಿ ಮಾಡ್ಲಿ, ಹೇಳಿ ಸಾರ್.”

ಬೆಂಗಳೂರಿನ ಎಸ್‌ಪಿ ರೋಡಿನ ಒಳಗಲ್ಲಿಯಲ್ಲಿ ಸ್ಪೀಕರಿಗೆ ಕೋನ್, ಅಂದರೆ ಅಲುಗಾಡಿ ಸದ್ದು ಮಾಡುವ ಕಾಗದದ ಬಟ್ಟಲು, ಹಾಕಿಕೊಡುವ ಭಾಯ್ ಹೀಗೆ ಕೇಳಿದ್ದು ಮಂಗಳವಾರ. ಅವತ್ತಿನಿಂದ ಏನು ಕೆಲಸ ಮಾಡುತ್ತಿದ್ದರೂ ಅದೇ ಮಾತು ಕಿವಿಯಲ್ಲಿ. ಅವರು ರಿಪೇರಿ ಮಾಡಿದ ಸ್ಪೀಕರಿನಲ್ಲಿ ಬಾಸ್ ಕಮ್ಮಿ ಅಂತ ವಾದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ರಿಪೇರಿ ಮಾಡಿದವರ ಎದುರು ನಿಂತು ಇದು ಸರಿಯಾಗಿಲ್ಲ ಅಂದರೆ ಎಂಥ ಉತ್ತರ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಇವರು ಕನ್ನಡಕ ಹಣೆಗೇರಿಸಿ, ಎರಡೂ ಸ್ಪೀಕರ್ ಅಳೆದು ಬರೆದಿದ್ದ ನನ್ನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಸಾಲುಗಳ ಮೇಲೂ ಬೆರಳಾಡಿಸಿ, ಗ್ರಾಂ ಎಷ್ಟು ಅಂತ ಕೇಳಿದರು.

ಗುಜರಿಯಲ್ಲಿ ಸಿಕ್ಕ ಜೋಡಿ ಅದು, 8 ಇಂಚಿನ ವೂಫರ್, ತಗ್ಗು ದನಿಯ ಸ್ಪೀಕರ್. ಮ್ಯಾಗ್ನೆಟ್ ಮೇಲೆ ಹೆಸರಿಲ್ಲ, ನಂಬರಿಲ್ಲ. ಒಂದರ ಕಾಯಿಲ್ ಸುಟ್ಟಿತ್ತು. ಭಾಯ್ ಹೊಸ ಕಾಯಿಲ್, ಕೋನ್, ಅದನ್ನು ಹಿಂದಿನಿಂದ ಸ್ಪ್ರಿಂಗಿನಂತೆ ಹಿಡಿದಿಡುವ ಸ್ಪೈಡರ್ ಹಾಕಿದರು. ಕೆಲಸ ಅಚ್ಚುಕಟ್ಟು, ಎಲ್ಲೂ ಉಜ್ಜುವ ಸದ್ದಿಲ್ಲ. ಆದರೆ ಮನೆಗೆ ತಂದು ಸಂಗೀತ ಕಛೇರಿ ಹಾಕಿದರೆ ಒಂದು ಕಡೆ ಮೃದಂಗದ ಎಡಗೈ ಗುಮ್ಕಿ ತುಂಬಿಕೊಂಡು ಬರುತ್ತದೆ, ಇನ್ನೊಂದು ಕಡೆ ಬರೀ ಬಡಿತ. ಗೆಳೆಯನಿಗೆ ಹೇಳಿದೆ. “ಅವರಿಗೆ ಗೋಂದು ಹಚ್ಚೋದು ಬಿಟ್ಟು ಏನು ಗೊತ್ತು ಮಾರಾಯ, ಬಿಸಾಕಿ ಹೊಸದು ತಗೋ” ಅಂದ. ಒಳ್ಳೆಯ ಮನುಷ್ಯ, ಒಳ್ಳೆಯ ಸಂಗೀತ ಕೇಳುವವನು. ಆದರೆ ಈ ಧೋರಣೆ ನನಗೆ ಸಹಿಸಲಾಗುವುದಿಲ್ಲ. ಕೂದಲೆಳೆಯಂಥ ತಂತಿಯನ್ನು ಒಂದರ ಪಕ್ಕ ಒಂದು ಸುತ್ತಿ, ಕಾಗದ ತೂರುವಷ್ಟೇ ಜಾಗದ ಸಂದಿಯಲ್ಲಿ ಕೂರಿಸುವ ಕೈಗೆ ಏನೂ ಗೊತ್ತಿಲ್ಲ ಅನ್ನುವುದು ಹೇಗೆ?

ಅದಕ್ಕೇ ಅಳೆಯಲು ಕೂತೆ. ಸಾಮಾನು ಜಾಸ್ತಿ ಬೇಡ: ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್, ಪುಟ್ಟ ಆಂಪ್ಲಿಫೈಯರ್, 1 ಕಿಲೋ ಓಮ್ ರೆಸಿಸ್ಟರ್, ಎಸಿ ಮಿಲಿವೋಲ್ಟ್ ತೋರಿಸುವ ಮೀಟರ್. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವ ಹಳದಿ ಮೀಟರಿನಲ್ಲಿ ಎಸಿ ಶುರುವಾಗುವುದೇ 200 ವೋಲ್ಟಿನಿಂದ, ಅದು ಇಲ್ಲಿ ನಡೆಯುವುದಿಲ್ಲ. 1 ಕಿಲೋ ಓಮಿನದನ್ನು ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಸೇರಿಸಿ, ಮೀಟರನ್ನು ಸ್ಪೀಕರಿನ ಎರಡು ತುದಿಗೆ ಹಿಡಿಯಬೇಕು. ಮೊದಲು ಸ್ಪೀಕರಿನ ಜಾಗದಲ್ಲಿ 10 ಓಮಿನ ರೆಸಿಸ್ಟರ್ ಹಾಕಿ, ಮೀಟರ್ 10 ಮಿಲಿವೋಲ್ಟ್ ತೋರಿಸುವವರೆಗೆ ವಾಲ್ಯೂಮ್ ತಿರುಗಿಸಬೇಕು. ಅಲ್ಲಿಂದ ಮುಂದೆ ಮೀಟರಿನಲ್ಲಿ ಕಾಣುವ ಮಿಲಿವೋಲ್ಟೇ ಹೆಚ್ಚುಕಡಿಮೆ ಓಮ್.

ಸ್ಪೀಕರನ್ನು ಎರಡು ಇಟ್ಟಿಗೆಗಳ ಮೇಲೆ ಅಲುಗದಂತೆ ಕೂರಿಸಿ ಫ್ರೀಕ್ವೆನ್ಸಿ ನಿಧಾನ ಏರಿಸಿದೆ. 25 ಹರ್ಟ್ಜ್, 30, 35. ಅಂಕಿ ಏರುತ್ತಾ ಹೋಗಿ ಒಂದು ಕಡೆ ನಿಂತು ಮತ್ತೆ ಇಳಿಯತೊಡಗುತ್ತದೆ. ಆ ತುದಿಯೇ ಸ್ಪೀಕರಿನ ಸ್ವಂತ ಕಂಪನ. ಅದಕ್ಕಿಂತ ಕೆಳಗಿನ ದನಿ, ಅಂದರೆ ಬಾಸ್, ಬೇಗ ಕುಗ್ಗುತ್ತದೆ. ಚೆನ್ನಾಗಿದ್ದ ವೂಫರಿನದು 42 ಹರ್ಟ್ಜ್. ತುದಿಯಲ್ಲಿ ಸುಮಾರು 38.8 ಓಮ್, ಕಾಯಿಲಿನ ಡಿಸಿ ರೆಸಿಸ್ಟೆನ್ಸ್ 6.2. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 6.25, ಅದರ ವರ್ಗಮೂಲ 2.5. 6.2ರ ಎರಡೂವರೆ ಪಟ್ಟು, ಅಂದರೆ 15.5 ಓಮ್, ಎರಡೂ ಬದಿಯ ಇಳಿಜಾರಿನಲ್ಲಿ ಎಲ್ಲಿ ಸಿಗುತ್ತದೆ ನೋಡಬೇಕು. 31ರಲ್ಲೂ 57ರಲ್ಲೂ ಸಿಕ್ಕಿತು. ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಮತ್ತೆ 42 ಬರಬೇಕು. ಬಂತು. ಆ ಸಂತೋಷವನ್ನು ಅಳೆದು ನೋಡಿದವರೇ ಬಲ್ಲರು. ಅಲ್ಲಿಂದ ಕ್ಯೂಟಿಎಸ್, ಅಂದರೆ ಕೋನಿನ ಕಂಪನಕ್ಕೆ ಎಷ್ಟು ಕಡಿವಾಣ ಇದೆ ಅಂತ ಹೇಳುವ ಅಂಕಿ, 0.65: ಮುಚ್ಚಿದ ಡಬ್ಬಕ್ಕೆ ಹೊಂದುವ ಸ್ಪೀಕರ್.

ಭಾಯ್ ಕೋನ್ ಹಾಕಿದ್ದು? 57 ಹರ್ಟ್ಜ್.

ಇಷ್ಟೊಂದು ಏರಲು ಕೋನ್ ಹಗುರವಾಗಿರಬೇಕು, ಇಲ್ಲವೇ ಸ್ಪೈಡರ್ ಬಿಗಿಯಾಗಿರಬೇಕು. ಯಾವುದು ಅಂತ ಬಿಡಿಸಿ ಹೇಳುವುದು ನಾಣ್ಯ. ಕೋನಿನ ಮೇಲೆ ಗೊತ್ತಿರುವ ತೂಕ ಇಟ್ಟು, ಕಂಪನ ಎಷ್ಟು ಕೆಳಗಿಳಿಯಿತು ಅಂತ ನೋಡಿದರೆ ಅಲುಗಾಡುವ ಭಾಗದ ತೂಕ ಲೆಕ್ಕಕ್ಕೆ ಸಿಗುತ್ತದೆ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯ ಇಡಬಾರದು, ಒಳಗಿನ ಮ್ಯಾಗ್ನೆಟ್ ಅದನ್ನು ಎಳೆಯುತ್ತದೆ. ಹಿತ್ತಾಳೆ ಬಣ್ಣದ ಐದು ರೂಪಾಯಿ ಆಗುತ್ತದೆ, ನನ್ನಲ್ಲಿದ್ದವು ಒಂದೊಂದು 6 ಗ್ರಾಂ. ಆದರೂ ಬೀದಿ ತಿರುವಿನ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡೇ ತಂದೆ. ಎರಡು ನಾಣ್ಯ ಇಟ್ಟಾಗ ಒಳ್ಳೆಯದು 42ರಿಂದ 33.8ಕ್ಕೆ ಇಳಿಯಿತು: ಅಲುಗಾಡುವ ತೂಕ 22 ಗ್ರಾಂ. ಇನ್ನೊಂದು 57ರಿಂದ 43.6ಕ್ಕೆ: 17 ಗ್ರಾಂ.

ಇಲ್ಲೊಂದು ಮಾತು ಹೇಳಲೇಬೇಕು. ಸ್ಪೀಕರಿನ ಬಿಗುವಿಗೆ ಸಮನಾದ ಗಾಳಿಯ ಪ್ರಮಾಣ ಅಂತ ಒಂದು ಲೆಕ್ಕ ಇದೆ, ಡಬ್ಬದ ಅಳತೆ ಹೊರಡುವುದೇ ಅದರಿಂದ. ಪುಸ್ತಕದ ಸೂತ್ರದಲ್ಲಿ ನನಗೆ 42 ಲೀಟರ್ ಬಂತು. ಆದರೆ ಆ ಸೂತ್ರ ಸಮುದ್ರಮಟ್ಟದ ಗಾಳಿಗೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಇಲ್ಲಿ ಅದು 38 ಲೀಟರ್. ಅದೇ ಸ್ಪೀಕರ್ ಮಂಗಳೂರಿನಲ್ಲಿ ಬೇರೆ ಅಂಕಿ ಕೊಡುತ್ತದೆ.

ಈ ಲೆಕ್ಕದ ಬುನಾದಿ ಹಾಕಿದವರು ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್, 1961ರಲ್ಲಿ. ಅಲ್ಲಿನ ಪತ್ರಿಕೆಯಲ್ಲಿ ಬಂದ ಆ ಲೇಖನ ಅಮೆರಿಕದ ಆಡಿಯೋ ಪತ್ರಿಕೆಯಲ್ಲಿ ಮರುಮುದ್ರಣವಾಗಿದ್ದು 1971ರಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದಕ್ಕೆ ಬೆಳೆಸಿದರು. ಇಂಗ್ಲಿಷಿನಲ್ಲೇ ಬರೆದು, ಇಂಗ್ಲಿಷಿನಲ್ಲೇ ಓದುವವರಿಗೆ ತಲುಪಲು ಹತ್ತು ವರ್ಷ ಹಿಡಿಯಿತು. ನಮ್ಮ ಗಲ್ಲಿಯ ಭಾಯ್‌ಗೆ ಯಾರು, ಯಾವಾಗ ತಂದುಕೊಡಬೇಕಿತ್ತು? ಅವರ ಅಂಗಡಿಗೆ ಬರುವ ಕೋನಿನ ಪೆಟ್ಟಿಗೆ ಮೇಲೆ ಇಂಚು ಇರುತ್ತದೆ, ರೇಟು ಇರುತ್ತದೆ. ತೂಕ ಇರುವುದಿಲ್ಲ. ಆಟೊಗೆ ಹಾಕುವ ಸೆಟ್ಟಿನ ಡಬ್ಬದ ಮೇಲೆ ಸಾವಿರ ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆಯಲು ಜಾಗ ಇದೆ, ಕಂಪನ ಎಷ್ಟು ಹರ್ಟ್ಜ್ ಅಂತ ಬರೆಯಲು ಮಾತ್ರ ಜಾಗ ಇಲ್ಲ. ಅವರಿಗೇನು ಗೊತ್ತು ಅನ್ನುವವರು, ತಿಳಿಸಬೇಕಾದವರು ತಿಳಿಸಿದ್ದಾರೆಯೇ ಅಂತ ಒಮ್ಮೆಯೂ ಕೇಳುವುದಿಲ್ಲ.

“5 ಗ್ರಾಂ” ಅಂದೆ. ಭಾಯ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಾಸ್ ಇಲ್ಲ ಅಂತ ಎಲ್ರೂ ಹೇಳ್ತಾರೆ ಸಾರ್. ಎಷ್ಟು ಇಲ್ಲ ಅಂತ ಯಾರೂ ಹೇಳಲ್ಲ” ಅಂದರು. ದೂರಿನ ದನಿಯಲ್ಲ, ಬಹಳ ದಿನದಿಂದ ಕಾದಿದ್ದವರ ದನಿ. ನಾನೂ ಮೊದಲ ಸಲ ಹೋದಾಗ ಬಾಸ್ ಕಮ್ಮಿ ಅಂತಷ್ಟೇ ಹೇಳಿದ್ದರೆ ಅವರಿಂದ ಏನು ಮಾಡಲಾಗುತ್ತಿತ್ತು?

ಅಂಗಡಿಯ ಹುಡುಗನನ್ನು ಕರೆದು ಪಕ್ಕದ ಅಂಗಡಿಯಿಂದ ಪುಟ್ಟ ತಕ್ಕಡಿ ತರಿಸಿದರು. ಇದ್ದಬದ್ದ 8 ಇಂಚಿನ ಕೋನುಗಳನ್ನೆಲ್ಲ ಅವನು ಒಂದೊಂದಾಗಿ ತೂಗಿದ, ಒಳಬದಿಯಲ್ಲಿ ಪೆನ್ಸಿಲಿನಿಂದ ಗ್ರಾಂ ಬರೆದ. ನೋಡಲು ಒಂದೇ ಥರ ಇದ್ದವುಗಳ ನಡುವೆ ಅಷ್ಟು ವ್ಯತ್ಯಾಸ ಇರುವುದು ಕಂಡು ಮೂವರೂ ಮುಖ ಮುಖ ನೋಡಿಕೊಂಡೆವು.

5 ಗ್ರಾಂ ಏರಿಸಿದರೂ ಕಂಪನ 50 ಹರ್ಟ್ಜ್‌ವರೆಗೆ ಇಳಿಯುತ್ತದೆ ಅಷ್ಟೆ. ಉಳಿದದ್ದು ಸ್ಪೈಡರಿನ ಬಿಗುವು. ಅದನ್ನೂ ಹೇಳಿದೆ. ಮೆದು ಸ್ಪೈಡರ್ ಒಂದಿದೆ, ಹಾಕಿ ನೋಡೋಣ ಅಂದರು ಭಾಯ್. ಹೊಸ ಸ್ಪೈಡರ್ ಒಂದು ರಾತ್ರಿ ಆಡಿದ ಮೇಲೆ ತಾನೇ ಸ್ವಲ್ಪ ಸಡಿಲವಾಗುತ್ತದೆ ಅಂತ ನನಗೆ ಹೇಳಿದ್ದು ಅವರೇ. ನನ್ನ ರೆಸಿಸ್ಟರುಗಳನ್ನೂ ಆ ಎರಡು ನಾಣ್ಯಗಳನ್ನೂ ಹುಡುಗನ ಕೈಗೆ ಕೊಟ್ಟು ಬಂದಿದ್ದೇನೆ. ಅಳೆಯುವ ಕ್ರಮ ಕನ್ನಡದಲ್ಲಿ ಬರೆದುಕೊಡಿ ಅಂದಿದ್ದಾನೆ. ಮೊದಲ ಪುಟ ಮುಗಿದಿದೆ, ವರ್ಗಮೂಲದ ಭಾಗ ಇನ್ನೂ ಬರೆಯಬೇಕು.