ಡಾಕ್ಯುಮೆಂಟೇಶನ್‌ನಾಗ ಐತಿ, ಕೋಡ್‌ನಾಗ ಇಲ್ಲ

ಹೋದ ತಿಂಗಳ ನಮ್ಮ ಬಾಗಲಕೋಟಿ ಒಂದ್ ಪತ್ತಿನ ಸಂಘಕ್ಕ ಸಾಲದ ಕಂತು ನೆನಪ ಮಾಡೋ ಎಸ್ಸೆಮ್ಮೆಸ್ ಕೆಲಸ ಹಿಡದಿದ್ದೆ. ಮೆಸೇಜ್ ಕಳಸೋ ಕಂಪನಿಯವ್ರ ಎಪಿಐ (ನಮ್ಮ ಪ್ರೋಗ್ರಾಮ್ ಅವ್ರ ಸರ್ವರ್ ಕೂಡ ಮಾತಾಡೋ ದಾರಿ) ಡಾಕ್ಯುಮೆಂಟೇಶನ್‌ನಾಗ 'ಸೆಂಡ್ ಅಟ್' ಅಂತ ಒಂದ್ ಪ್ಯಾರಾಮೀಟರ್ (ನಾವು ತುಂಬೋ ಖಾನಿ), ಟೈಮ್ ಕೊಟ್ರ ಆ ಟೈಮಿಗೇ ಹೋಗ್ತಾವ ಅಂತ ಉದಾಹರಣಿ ಸಮೇತ ಚಂದಂಗ ಬರದಿದ್ರು. ರಾತ್ರಿ 11ಕ್ಕ ಕುಂತು, ಮುಂಜಾನಿ 10ಕ್ಕ ಹೋಗ್ಲಿ ಅಂತ ಹಾಕಿ ರನ್ ಮಾಡಿದೆ, 200 ಓಕೆ, ಅಂದ್ರ 'ಎಲ್ಲಾ ಸರಿ ಆತು' ಅನ್ನೋ ಉತ್ತರ ಬಂತು, ಲ್ಯಾಪ್‌ಟಾಪ್ ಮುಚ್ಚಿ ಮಲ್ಕೊಂಡೆ. ಹತ್ ನಿಮಿಷಕ್ಕ ಸೆಕ್ರೆಟರಿ ಫೋನು.

"ಏನ್ ಮಾಡೀರಿ ಸರ, ಇಷ್ಟೊತ್ತನ್ಯಾಗ ಎಲ್ಲಾ ಮಂದಿಗೆ ಕಂತ ತುಂಬ್ರಿ ಅಂತ ಹೋಗೇತಿ, ನಮ್ಮ ಅಧ್ಯಕ್ಷರ ಮಾವಗೂ ಹೋಗೇತಿ!"

ನನ್ನ ನಂಬರಿಗೆ ಒಮ್ಮೆ ಕಳಿಸಿ ನೋಡಬೇಕಿತ್ತು, ನೋಡ್ಲಿಲ್ಲ, ಅದು ನಂದ ತಪ್ಪು. ಮರುದಿನ ಕಂಪನಿಗೆ ಫೋನ್ ಹಚ್ಚಿದ್ರ "ಸರ್, ಆ ಫೀಚರ್ ಇನ್ನೂ ಬಂದಿಲ್ಲ, ರೋಡ್‌ಮ್ಯಾಪ್‌ನಲ್ಲಿದೆ" ಅಂತ ಬೆಂಗ್ಳೂರ ಕನ್ನಡದಾಗ ಉತ್ತರ.

ಮೊದ್ಲ ಬರದು ಆಮ್ಯಾಲ ಕೋಡ್ ಮಾಡೋದು ತಪ್ಪಲ್ರಿ, ನಾನೂ ಹಂಗ ಮಾಡ್ತೀನಿ, ನನ್ನ ಒಂದ್ ಹಳೇ ರೀಡ್‌ಮಿ (ಪ್ರೋಗ್ರಾಮ್ ಜೋಡಿ ಇಡೋ ವಿವರದ ಫೈಲ್) ಒಳಗ ಇನ್ನೂ ಹುಟ್ಟದಿರೋ ಎರಡ್ ಫೀಚರ್ ಅದಾವ. ಸಿ++ ಅನ್ನೋ ಪ್ರೋಗ್ರಾಮಿಂಗ್ ಭಾಷಾದ 1998ರ ಸ್ಟ್ಯಾಂಡರ್ಡ್‌ನಾಗ ಟೆಂಪ್ಲೇಟಿಗೆ (ಕೋಡಿನ ಅಚ್ಚಿಗೆ) 'ಎಕ್ಸ್‌ಪೋರ್ಟ್' ಅಂತ ಬರದ್ರು, ಕೋಡನ್ನ ಮಷಿನ್ ಭಾಷಾಕ್ಕ ತಿರುವೋ ಕಂಪೈಲರ್ ಮಾಡೋರೊಳಗ ಹೆಚ್ಚಿನವ್ರು ಅದನ್ನ ಮಾಡ್ಲೇ ಇಲ್ಲ, 2011ರಾಗ ತಗದ ಹಾಕಿದ್ರು. ಆದ್ರ ಆ ಕಂಪೈಲರ್ ಒಳಗ ಕೆಲವು 'ಇದು ಇಲ್ಲ' ಅಂತ ವಾರ್ನಿಂಗ್ ಆದ್ರೂ ಕೊಡ್ತಿದ್ವು. ನನಗ ಸಿಟ್ ಬಂದಿದ್ದು ಆ 200 ಓಕೆ ಮ್ಯಾಲ. ಖಾನಾವಳಿ ಬೋರ್ಡ್‌ನಾಗ ಹೋಳಿಗಿ ಅಂತ ಬರದಿರ್ತಾರ, ಕೇಳಿದ್ರ "ಇವತ್ತಿಲ್ರಿ" ಅಂತಾರ, ಸುಮ್ನ ರೊಟ್ಟಿ ಎಣ್ಣಿಗಾಯಿ ತಿಂದ ಬರ್ತೀವಿ. ಈ ಮೆಸೇಜ್ ಕಂಪನಿಯವ್ರು "ಆತ್ರಿ, ತರ್ತೀನಿ" ಅಂತ ಹೇಳಿ ಒಳಗ ಹೋದವ್ರು ಹೊರಗ ಬರಲೇ ಇಲ್ಲ.

ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್‌ನಾಗೂ ಇದ ಕಥಿ ಇತ್ತು. ಟೇಬಲ್ ಮಾಡೋವಾಗ 'ಚೆಕ್' ಕಂಡೀಶನ್ ಹಾಕಿ ವಯಸ್ಸು 0ಕ್ಕಿಂತ ಕಡಿಮಿ ಇರಬಾರ್ದು ಅಂದ್ರೂ -5 ಆರಾಮ ಒಳಗ ಹೋಗ್ತಿತ್ತು, ಎರರ್ ಇಲ್ಲ ಏನಿಲ್ಲ, ಬರದದ್ದನ್ನ ಓದಿ ಬಿಟ್ಟಬಿಡ್ತಿತ್ತು. 2019ರ 8.0.16 ವರ್ಶನ್ ಒಳಗ ಅದು ಖರೇನ ಕೆಲಸ ಮಾಡಾಕ ಶುರು ಆತು. ಆದ್ರ ಅವ್ರ ಮ್ಯಾನ್ಯುಅಲ್‌ನಾಗ "ಇದನ್ನ ಓದ್ತೀವಿ, ಲೆಕ್ಕಕ್ಕ ಹಿಡಿಯಂಗಿಲ್ಲ" ಅನ್ನೋ ಅರ್ಥದಾಗ ಖುಲ್ಲಾ ಬರದಿದ್ರು. ಓದದ ನಾವ ಮೋಸ ಹೋದ್ವಿ, ಅದು ಬ್ಯಾರೆ ಮಾತು. ಇಲ್ಲಿ ನಾ ಓದೀನ ಮೋಸ ಹೋದೆ.

ಈಗ ಮುಂಜಾನಿ 10ಕ್ಕ ಸರ್ವರ್‌ನಾಗ ಕ್ರಾನ್ (ಹೇಳಿದ ಟೈಮಿಗೆ ತಾನಾಗೇ ಪ್ರೋಗ್ರಾಮ್ ಓಡಸೋದು) ಹಚ್ಚೀನಿ. ಸೆಕ್ರೆಟರಿಗೆ ಹೇಳಿದ್ರ ಅವ್ರು, "ಬ್ಯಾಡ ಬಿಡ್ರಿ ಸರ, ಆವತ್ತ ಅಂಜಿ ಏಳ್ ಮಂದಿ ಬಂದ ತುಂಬಿ ಹೋಗ್ಯಾರ, ರಾತ್ರೀನ ಇರ್ಲಿ."